ಕಾರಿನ ಕಿಟಕಿಗೆ ಎಣ್ಣೆ ಹಾಕಿಸಿ ಕೆಟ್ಟೆ

ಹೊಸಪೇಟೆಯಲ್ಲಿ ಕಾರು ಇಟ್ಟುಕೊಂಡವರಿಗೆ ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳ ಕಡೆಯ ಕೆಂಪು ದೂಳಿನ ಬಗ್ಗೆ ಹೇಳಬೇಕಾಗಿಲ್ಲ. ತೊಳೆದ ಮರುದಿನವೇ ಬಾನೆಟ್ಟಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಕಳೆದ ಬೇಸಿಗೆಯಲ್ಲಿ ನನ್ನ ಒಂಬತ್ತು ವರ್ಷದ ಕಾರಿನ ಚಾಲಕನ ಬದಿಯ ಗಾಜು ಮುಲುಕುತ್ತಾ, ಕಿರ್ರೆನ್ನುತ್ತಾ ಏರತೊಡಗಿತು. ಗ್ಯಾರೇಜಿಗೆ ಒಯ್ದೆ. "ರಬ್ಬರ್ ಒಣಗಿದೆ ಸಾರ್, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು" ಎಂದ ಮೆಕ್ಯಾನಿಕ್, ಗಾಜು ಏರಿಳಿಯುವ ಎರಡೂ ಬದಿಯ ರಬ್ಬರಿನ ಸಂದಿಗೆ, ಅಂದರೆ ಚಾನೆಲ್‌ಗೆ ಹಳೆಯ ಎಂಜಿನ್ ಆಯಿಲ್ ಸುರಿದ. ತೊಟ್ಟು ಎಂದದ್ದು ಅರ್ಧ ಲೋಟವಾಯಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಗಾಜು ಏರಿತು. ಅವನು ದುಡ್ಡು ಕೇಳಲಿಲ್ಲ, ನಾನೇ ಚಹಾ ಕುಡಿಸಿ ಬಂದೆ.

ಹದಿನೈದು ದಿನ ಸುಖ. ಆಮೇಲೆ ಗಾಜು ಮೊದಲಿಗಿಂತ ನಿಧಾನವಾಯಿತು, ಅಂಚಿನಲ್ಲಿ ಕಂದು ಗೆರೆಗಳು ಮೂಡಿದವು. ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು. ಜುಲೈನ ಒಂದು ರಾತ್ರಿ ಚಿತ್ರದುರ್ಗದಿಂದ ಬರುವಾಗ, ಕೂಡ್ಲಿಗಿ ಬಳಿ ಬೇಯಿಸಿದ ಶೇಂಗಾ ಕೊಳ್ಳಲು ಗಾಜು ಇಳಿಸಿದೆ. ಮಳೆ ಶುರುವಾಯಿತು. ಗಾಜು ಅರ್ಧಕ್ಕೆ ಬಂದು ವಾಲಿಕೊಂಡು ನಿಂತಿತು. ನಾನು ಸ್ವಿಚ್ಚನ್ನು ಒತ್ತಿಯೇ ಹಿಡಿದೆ. ಇದು ಎರಡನೆಯ ತಪ್ಪು. 'ಟಕ್' ಎಂದಿತು, ಗಾಜು ಬಾಗಿಲೊಳಗೆ ಇಳಿದುಹೋಯಿತು. ಮನೆಯವರೆಗೆ ಒಂದು ಗಂಟೆಯ ದಾರಿ, ಹೆಂಡತಿ ಹಿಂದಿನ ಸೀಟಿನಿಂದ ಅಕ್ಕಿ ಚೀಲವೊಂದನ್ನು ಕಿಟಕಿಗೆ ಅಡ್ಡ ಹಿಡಿದು ಕುಳಿತಳು. ಅವಳು ಏನೂ ಮಾತಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಇನ್ನೊಂದು ಗ್ಯಾರೇಜಿನಲ್ಲಿ ಬಾಗಿಲಿನ ಒಳಹೊದಿಕೆ (ಡೋರ್ ಪ್ಯಾಡ್) ಬಿಚ್ಚಿದಾಗ ಕಂಡದ್ದು: ಎಣ್ಣೆಯೂ ಅದಿರಿನ ದೂಳೂ ಕಲೆತು ಕುಂಕುಮ ಕಲಸಿದಂಥ ಅಂಟು. ಚಾನೆಲ್ಲಿನ ರಬ್ಬರ್ ಉಬ್ಬಿ, ಮೆತ್ತಗಾಗಿ ಗಾಜನ್ನು ಕಚ್ಚಿ ಹಿಡಿದಿತ್ತು. ಮೋಟಾರು ಎಳೆದ ಭಾರಕ್ಕೆ, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿತ್ತು. ಈ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಜಾತಿಯದು. ಬಿಸಿಲು, ಮಳೆ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ತಡೆಯುವುದಿಲ್ಲ. ಎಂಜಿನ್ ಆಯಿಲ್, ಡೀಸೆಲ್, ಗ್ರೀಸ್ ಯಾವುದೂ ಅಲ್ಲಿಗೆ ಬೇಡ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ರೆಗ್ಯುಲೇಟರಿಗೆ 3,800, ರಬ್ಬರಿಗೆ 900, ಕೂಲಿ 700 ರೂಪಾಯಿ ತೆತ್ತೆ. ಮೊದಲ ಮೆಕ್ಯಾನಿಕ್‌ಗೆ ಹೇಳಿದೆ. "ಹಾಗಾದರೆ ಎಣ್ಣೆ ಸಾಲಲಿಲ್ಲ ಸಾರ್" ಎಂದ.

ಗಾಜು ನಿಧಾನವಾದರೆ ಮೊದಲು ಕೊಳೆ ತೆಗೆಯಿರಿ. ಗಾಜನ್ನು ಪೂರ್ತಿ ಇಳಿಸಿ, ತೆಳುವಾದ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ಲಿನಲ್ಲಿ ಆಡಿಸಿ. ನನ್ನ ಉಳಿದ ಮೂರು ಬಾಗಿಲುಗಳಿಂದ ಬಂದ ಬಟ್ಟೆಗಳನ್ನು ನೋಡಿ ನನಗೇ ನಾಚಿಕೆಯಾಯಿತು. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ನಳಿಗೆಯಿಂದ ಚಾನೆಲ್ಲಿಗಷ್ಟೇ ಹೊಡೆದು, ಗಾಜನ್ನು ನಾಲ್ಕೈದು ಸಲ ಏರಿಸಿ ಇಳಿಸಿ, ಗಾಜಿಗೆ ಹತ್ತಿದ್ದನ್ನು ಒರೆಸಿ. ಆಗಲೂ ಗಾಜು ವಾಲಿದರೆ ಸ್ವಿಚ್ಚಿನಿಂದ ಕೈ ತೆಗೆಯಿರಿ, ದೋಷ ಬಹುಶಃ ರೆಗ್ಯುಲೇಟರಿನಲ್ಲಿದೆ. ಲೋಹದ ತೋಳು, ಹಲ್ಲುಗಳಿರುವ ರೆಗ್ಯುಲೇಟರಿಗೆ ಬಿಳಿ ಲಿಥಿಯಂ ಗ್ರೀಸ್ ಸಲ್ಲುತ್ತದೆ, ಆದರೆ ಅದಕ್ಕೆ ಬಾಗಿಲು ಬಿಚ್ಚಬೇಕು. ಬಿಚ್ಚಿದವರು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸರಿಯಾಗಿ ಅಂಟಿಸುವವರೆಗೆ ಪಕ್ಕದಲ್ಲೇ ನಿಂತಿರಿ, ಇಲ್ಲದಿದ್ದರೆ ಮಳೆ ನೀರು ಕಾಲಡಿಗೆ ಬರುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳಿವೆ. ನನ್ನದರಲ್ಲಿ ಅವೂ ಆ ಅಂಟಿನಿಂದ ಮುಚ್ಚಿಹೋಗಿದ್ದವು. ಪೊರಕೆ ಕಡ್ಡಿ ಚುಚ್ಚಿದಾಗ ಕೆಂಪು ನೀರು ಎರಡು ನಿಮಿಷ ಸುರಿಯಿತು.