ಸ್ಯಾಂಪಲ್ ಹೇಗೆ ಮಾಡಿದ್ರಿ ಅಂತ ಮೊದಲು ಕೇಳುವ ಲ್ಯಾಬ್

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಈ ಟೆಸ್ಟಿಂಗ್ ಲ್ಯಾಬ್‌ಗೆ ನನ್ನ ಎಂ.ಫಾರ್ಮ್ ಪ್ರಾಜೆಕ್ಟಿಗಾಗಿ ಮೂರು ಸಲ ಹೋಗಿದ್ದೇನೆ, ಡಿಎಸ್‌ಸಿ (ಬಿಸಿ ಮಾಡುತ್ತಾ ಸ್ಯಾಂಪಲ್ ಎಲ್ಲಿ ಶಾಖ ಹೀರುತ್ತದೆ, ಬಿಡುತ್ತದೆ ಅಂತ ನೋಡುವ ಪರೀಕ್ಷೆ) ಮತ್ತು ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಹರಳು ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಲು. ಫಾರ್ಮಸಿ ಓದುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನನ್ನ ಔಷಧಿ ಇಂಡೊಮೆಥಾಸಿನ್. ನೋವು, ಊತಕ್ಕೆ ಕೊಡುವ ಹಳೇ ಔಷಧಿ. ನೀರಿನಲ್ಲಿ ಕರಗುವುದೇ ಕಷ್ಟ. ಅಣುಗಳ ಸಾಲು ಕೆಡಿಸಿ ಗಾಜಿನ ಥರ ಅಮಾರ್ಫಸ್ ಮಾಡಿದರೆ ಬೇಗ, ಜಾಸ್ತಿ ಕರಗುತ್ತದೆ. ಆದರೆ ಅದು ಹಾಗೇ ಉಳಿಯುವುದಿಲ್ಲ, ಮತ್ತೆ ಹರಳಾಗಲು ಕಾಯುತ್ತಿರುತ್ತದೆ.

ಮೊದಲು ಬೇರೆ ಒಂದು ಕಡೆ ಕೊಟ್ಟಿದ್ದೆ. ಪೊಟ್ಟಣ ತಗೊಂಡರು, ದುಡ್ಡು ತಗೊಂಡರು, ಗ್ರಾಫ್ ಕಳಿಸಿದರು. ಅಷ್ಟೇ. ಇಲ್ಲಿ ಕೌಂಟರಿನಲ್ಲಿದ್ದ ಮೇಡಂ ಡಬ್ಬಿ ಮುಟ್ಟುವ ಮೊದಲೇ ಕೇಳಿದರು: "ಅಮಾರ್ಫಸ್ ಅಂತ ಬರೆದಿದ್ದೀರಿ, ಸರಿ. ಹೇಗೆ ಮಾಡಿದ್ರಿ? ಯಾವಾಗ ಮಾಡಿದ್ರಿ? ಎಲ್ಲಿಟ್ಟಿದ್ರಿ?"

ಮೂರು ಥರ ಮಾಡಿದ್ದೆ. ಒಂದು, 161 ಡಿಗ್ರಿ ದಾಟಿಸಿ ಕರಗಿಸಿ, ಐಸ್ ಮೇಲಿಟ್ಟ ಸ್ಟೀಲ್ ತಟ್ಟೆಗೆ ಸುರಿದು ಗಟ್ಟಿ ಮಾಡಿದ್ದು. ಬಿಳಿ ಪುಡಿ ಹೋಗಿ ಹಳದಿ ಗಾಜಿನ ಚೂರುಗಳಾಗಿತ್ತು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು. ಇನ್ನೊಂದು, ಕೋಲ್ಡ್ ರೂಮಿನಲ್ಲಿ ಬಾಲ್ ಮಿಲ್‌ಗೆ (ಒಳಗೆ ಗುಂಡುಗಳಿರುವ ಅರೆಯುವ ಯಂತ್ರ) ಹಾಕಿ ಗಂಟೆಗಟ್ಟಲೆ ಅರೆದದ್ದು. ಮೂರನೆಯದು ಸ್ಪ್ರೇ ಡ್ರೈ ಮಾಡಿದ್ದು, ಅಂದರೆ ಮೆಥನಾಲ್‌ನಲ್ಲಿ ಕರಗಿಸಿ, ಸಣ್ಣ ಹನಿಗಳಾಗಿ ಚಿಮ್ಮಿಸಿ ಬಿಸಿ ಗಾಳಿಯಲ್ಲಿ ಒಣಗಿಸಿದ್ದು.

ಎಕ್ಸ್‌ಆರ್‌ಡಿಯಲ್ಲಿ ಮೂರೂ ಒಂದೇ ಥರ ಕಂಡವು, ಹರಳಿದ್ದರೆ ಬರುವ ಚೂಪು ಪೀಕ್ ಇಲ್ಲ, ಸುಮ್ನೆ ಅಗಲವಾದ ಗುಡ್ಡ. ನಾನು ಖುಷಿಯಾಗಿ ಹೊರಟಿದ್ದೆ. ಮೇಡಂ ಕೂರಿಸಿಕೊಂಡು ಡಿಎಸ್‌ಸಿ ಗ್ರಾಫ್ ತೋರಿಸಿದರು. ಅರೆದ ಸ್ಯಾಂಪಲ್ ಬಿಸಿ ಮಾಡುತ್ತಿದ್ದಂತೆ ಉಳಿದೆರಡಕ್ಕಿಂತ ಮೊದಲೇ ಹರಳಾಗಿಬಿಟ್ಟಿತ್ತು. ಅರೆಯುವಾಗ ಪೂರ್ತಿ ಕೆಡದ ಸಣ್ಣ ಸಣ್ಣ ಹರಳಿನ ಬೀಜಗಳು ಉಳಿದಿರಬಹುದು, ತೀರಾ ಕಡಿಮೆ ಇದ್ದರೆ ಎಕ್ಸ್‌ಆರ್‌ಡಿಗೆ ಸಿಗುವುದಿಲ್ಲ ಅಂದರು. ಹೆಪ್ಪು ಹಾಕಿದ ಹಾಲಿನ ಥರ, ಸ್ವಲ್ಪ ಇದ್ದರೆ ಸಾಕು. ಪುಡಿಯ ಮೇಲ್ಮೈ ಜಾಸ್ತಿ ಇರುವುದೂ ಒಂದು ಕಾರಣ, ಯಾಕಂದ್ರೆ ಹರಳಾಗುವುದು ಮೇಲ್ಮೈಯಲ್ಲೇ ಬೇಗ. ಕರಗಿಸಿ ಮಾಡಿದ ಚೂರನ್ನೂ ನುಣ್ಣಗೆ ಪುಡಿ ಮಾಡಿದರೆ ಅದೇ ಗತಿ.

ಸ್ಪ್ರೇ ಡ್ರೈದು ಬೇರೆ ಕಥೆ. ಒಳಗೆ ಮೆಥನಾಲ್ ಸ್ವಲ್ಪ ಉಳಿದರೂ ಗಾಜು ಮೆತ್ತಗಾಗುವ ಉಷ್ಣತೆ ಕೆಳಗಿಳಿಯುತ್ತದೆ. ಒಣ ಇಂಡೊಮೆಥಾಸಿನ್‌ಗೆ ಅದು ಸುಮಾರು 42 ಡಿಗ್ರಿ, ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಸ್ಕೂಟರ್ ಡಿಕ್ಕಿಗೆ ಅದೇನೂ ದೊಡ್ಡದಲ್ಲ. ನಾನು ತಂದಿದ್ದು ಡಿಕ್ಕಿಯಲ್ಲೇ!

ತೇವದ ವಿಷಯ ಅವರು ಹೇಳಿದ ರೀತಿ ನನಗೆ ತುಂಬಾ ಹಿಡಿಸಿತು. ದಸರಾ ವಸ್ತುಪ್ರದರ್ಶನದಲ್ಲಿ ಬೊಂಬಾಯಿ ಮಿಠಾಯಿ ತಿಂದಿದ್ದೀರಲ್ಲ, ಅದೂ ಅಮಾರ್ಫಸ್ ಸಕ್ಕರೆ, ಬಾಟಲಿಯಲ್ಲಿರುವ ಗಟ್ಟಿ ಪೆಪ್ಪರ್‌ಮೆಂಟೂ ಹೆಚ್ಚುಕಡಿಮೆ ಅದೇ. ಪೆಪ್ಪರ್‌ಮೆಂಟು ತಿಂಗಳುಗಟ್ಟಲೆ ಇರುತ್ತದೆ, ಬೊಂಬಾಯಿ ಮಿಠಾಯಿ ಮಳೆ ಹನಿದ ಸಂಜೆ ಕೈಯಲ್ಲೇ ಕುಗ್ಗಿ ಅಂಟಾಗುತ್ತದೆ. ಎಳೆ ತೆಳು, ಗಾಳಿ ತಾಗುವ ಜಾಗ ಜಾಸ್ತಿ, ತೇವ ಬೇಗ ಒಳಗೆ ಹೋಗುತ್ತದೆ. ಆಮೇಲೆ ನನ್ನ ಐಸ್ ತಟ್ಟೆ ಬಗ್ಗೆ ಕೇಳಿದರು, "ತಟ್ಟೆ ಬೆವರಿತ್ತಾ?" ಬೆವರಿತ್ತು. ಆ ನೀರೂ ಸ್ಯಾಂಪಲ್‌ಗೆ ಸೇರಿರುತ್ತದೆ, ಅಲ್ವಾ. ಎರಡನೇ ಸಲ ತಟ್ಟೆಯನ್ನು ಒಣ ಡಬ್ಬಿಯೊಳಗೆ ತಣ್ಣಗೆ ಮಾಡಿ ಸುರಿದೆ.

ಕೊರತೆಗಳೂ ಇವೆ. ಶನಿವಾರ ಮಧ್ಯಾಹ್ನಕ್ಕೆ ಮುಚ್ಚುತ್ತಾರೆ, ಮಂಡ್ಯದಿಂದ ಬಸ್ಸಿನಲ್ಲಿ ಬರುವವರಿಗೆ ಕಷ್ಟ. ರಿಪೋರ್ಟ್ ಪಿಡಿಎಫ್‌ನಲ್ಲಿ ಮಾತ್ರ ಕೊಡುತ್ತಾರೆ, ಮೂಲ ಡೇಟಾ ಬೇಕಾದರೆ ಎರಡು ಸಲ ಕೇಳಬೇಕು. ಹತ್ತು ದಿನ ಅಂದಿದ್ದು ಒಮ್ಮೆ ಹದಿನಾರು ದಿನ ಆಯಿತು. ಹರಳಾಗುವ ಸ್ಯಾಂಪಲ್‌ಗೆ ಆರು ದಿನ ಕಡಿಮೆಯಲ್ಲ, ಇದನ್ನು ಅವರು ಸರಿಮಾಡಲೇಬೇಕು. ಆದರೂ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಆ ಮೂರು ಪ್ರಶ್ನೆಗಳಿಗಾಗಿ.

ಮುಂದಿನ ವಾರ ಬೇಗ ಹರಳಾಗದಂತೆ ತಡೆಯುವ ಪಿವಿಪಿ ಎಂಬ ಪಾಲಿಮರ್ ಸೇರಿಸಿ ಸ್ಪ್ರೇ ಡ್ರೈ ಮಾಡಿದ್ದನ್ನು ಇಲ್ಲಿಗೇ ಒಯ್ಯುತ್ತೇನೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ಕೈಯಲ್ಲಿ ಹಿಡಿದುಕೊಂಡು.