ಇನ್ಸುಲಿನ್ ತಗೊಳ್ಳೋರ ಹೊಟ್ಟೆ ಬೊಜ್ಜು: ದುರ್ಗಿಗುಡಿ ಕಡೆಯ ಒಂದು ಶುಗರ್ ಕ್ಲಿನಿಕ್ ಬಗ್ಗೆ

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಇನ್ಸುಲಿನ್. ಶುಗರ್ ಹತೋಟಿಗೆ ಬಂತು, ಆದರೆ ಹೊಟ್ಟೆ ಮುಂದೆ ಬರತೊಡಗಿತು. ಶಿವಮೊಗ್ಗದ ಈ ಸಣ್ಣ ಕ್ಲಿನಿಕ್‌ನಲ್ಲಿ ಡಾಕ್ಟರ್ ನೋಡಿದ ಮೇಲೆ ಡಯಟಿಷಿಯನ್ ಕೂರಿಸಿಕೊಂಡು ಮಾತಾಡುತ್ತಾರೆ. ನನಗೆ ಉಪಯೋಗವಾಗಿದ್ದು ಅದೇ.

ಆಕೆ "ಅನ್ನ ಬಿಡಿ" ಅಂತ ಶುರು ಮಾಡಲಿಲ್ಲ. ಮೊದಲು ಶುಗರ್ ಬರೆದಿಟ್ಟ ಪುಸ್ತಕ ಕೇಳಿದರು. ಹನ್ನೊಂದು ಗಂಟೆ ಹೊತ್ತಿನ 60, 65ಕ್ಕೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, "ಆಗ ಏನು ತಿಂತೀರಿ ಯಜಮಾನ್ರೇ?" ಅಂದರು. ಅಡಿಕೆ ಗೊನೆ ಕೊಯ್ಲಿನ ಮಧ್ಯೆ ಕೈ ನಡುಗಿದರೆ ಇನ್ನೇನು, ಬೆಲ್ಲ, ಬಾಳೆಹಣ್ಣು, ಅದರ ಮೇಲೆ ಉಳಿದ ಕಡುಬು. ಹೊಟ್ಟೆಗೆ ಅದೂ ಕಾರಣ ಅಂದರು. 70ಕ್ಕಿಂತ ಕೆಳಗಿಳಿದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಚೆಕ್ ಮಾಡಬೇಕು. ಏರದಿದ್ದರೆ ಮತ್ತೆ ಅಷ್ಟೇ ಸಕ್ಕರೆ. ಪುಸ್ತಕವನ್ನು ಆಗಲೇ ಡಾಕ್ಟರಿಗೆ ತೋರಿಸಿದರು. ಅವರು ಬೆಳಗಿನ ಡೋಸ್ ಕಡಿಮೆ ಮಾಡಿದರು.

ಇನ್ಸುಲಿನ್‌ಗೆ ಹೊಟ್ಟೆ ಬರುವ ಕಾರಣವನ್ನೂ ಡಯಟಿಷಿಯನ್ ಬಿಡಿಸಿ ಹೇಳಿದರು. ಶುಗರ್ ಸುಮಾರು 180 ದಾಟಿದರೆ ಮೂತ್ರದಲ್ಲಿ ಹೋಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಇನ್ಸುಲಿನ್ ಆ ಸೋರಿಕೆ ನಿಲ್ಲಿಸುತ್ತದೆ, ಕೊಬ್ಬು ಕರಗುವುದನ್ನೂ ತಡೆಯುತ್ತದೆ. ಹಾಗಾಗಿ ಅದೇ ಊಟಕ್ಕೆ ತೂಕ ಜಾಸ್ತಿ. ಹಾಗಂತ ಸಣ್ಣಗಾಗಲು ಯಾರೂ ಇಂಜೆಕ್ಷನ್ ತಪ್ಪಿಸಬೇಡಿ, ದಯವಿಟ್ಟು. ಅದು ಜೀವಕ್ಕೇ ಅಪಾಯ.

ಸಿಸ್ಟರ್ ಮಂಚದ ಮೇಲೆ ಮಲಗಿಸಿ ಹೊಕ್ಕಳ ಸುತ್ತ ಬೆರಳ ತುದಿಯಲ್ಲಿ ಒತ್ತಿ ನೋಡಿದರು. ಬಲಗಡೆ ಎರಡು ಬೆರಳಗಲ ಮೆತ್ತಗೆ ರಬ್ಬರಿನ ಥರ ಉಬ್ಬು. ಅದು ಊಟದ ಬೊಜ್ಜಲ್ಲ, ಒಂದೇ ಕಡೆ ಚುಚ್ಚಿ ಬಂದದ್ದು. ಅಲ್ಲಿ ಚುಚ್ಚಿದ ಇನ್ಸುಲಿನ್ ಒಂದು ದಿನ ಬೇಗ ಹಿಡಿಯುತ್ತದೆ, ಇನ್ನೊಂದು ದಿನ ತಡ. ಈಗ ಪ್ರತಿ ಸಲ ಬೆರಳಗಲ ಆಚೆ ಚುಚ್ಚುತ್ತೇನೆ, ತೊಡೆಗೂ ತಗೊಳ್ಳುತ್ತೇನೆ. ಜಾಗ ಬದಲಿಸಿದ ಹೊಸದರಲ್ಲಿ ಶುಗರ್ ತಟ್ಟನೆ ಇಳಿಯಬಹುದು, ಡಾಕ್ಟರಿಗೆ ಹೇಳಿಯೇ ಬದಲಿಸಿ. ಇಷ್ಟು ವರ್ಷ ಬೇರೆ ಯಾರೂ ಹೊಟ್ಟೆ ಮುಟ್ಟಿ ನೋಡಿರಲಿಲ್ಲ.

ಬೇಸರದ ವಿಷಯವೂ ಇದೆ. ಅಚ್ಚು ಹಾಕಿದ ಡಯಟ್ ಚೀಟಿಯಲ್ಲಿ ಓಟ್ಸ್, ಬ್ರೊಕೊಲಿ ಅಂತಿದೆ. ಮಲೆನಾಡಿನ ಮನೆಯಲ್ಲಿ ಅದನ್ನು ಯಾರು ಬೇಯಿಸ್ತಾರೆ? ಕೇಳಿದ್ದಕ್ಕೆ ಡಯಟಿಷಿಯನ್ ಅದನ್ನು ಹೊಡೆದುಹಾಕಿ ಕೈಯಲ್ಲೇ ಬರೆದುಕೊಟ್ಟರು: ಒಂದು ಅಕ್ಕಿ ರೊಟ್ಟಿ, ಪಲ್ಯ ಅದರ ಎರಡರಷ್ಟು, ಹುರುಳಿ ಸಾರು, ಒಂದೆಲಗದ ತಂಬುಳಿ, ಊಟವಾದ ಮೇಲೆ ನಡಿಗೆ. ಎಲ್ಲರಿಗೂ ಹೀಗೇ ಬರೆದುಕೊಡಬೇಕು ಅಲ್ವಾ?

ತೂಕ ಅಷ್ಟೇನೂ ಇಳಿದಿಲ್ಲ. ಸೊಂಟದ ಸುತ್ತಳತೆ 104 ಸೆಂಟಿಮೀಟರ್ ಇದ್ದದ್ದು 99ಕ್ಕೆ ಬಂದಿದೆ. ನಮ್ಮ ಗಂಡಸರಿಗೆ 90ರೊಳಗೆ ಇರಬೇಕಂತೆ, ಇನ್ನೂ ದೂರವಿದೆ.

ಶನಿವಾರ ವಿಪರೀತ ರಶ್, ಬೇರೆ ದಿನ ಹೋಗಿ. ಶುಗರ್ ಪುಸ್ತಕದ ಜೊತೆ ನಿಮ್ಮ ಇನ್ಸುಲಿನ್ ಪೆನ್, ಸೂಜಿಯನ್ನೂ ಒಯ್ಯಿರಿ. ಹೇಗೆ ಚುಚ್ಚಿಕೊಳ್ತೀರಿ ಅಂತ ಎದುರಿಗೇ ನೋಡಿ ತಿದ್ದುತ್ತಾರೆ.