ಆಲ್ಪಿನಾ ಬಿ10 ಬೈ-ಟರ್ಬೊ: ಘಾಟಿ ರಸ್ತೆಯವರಿಗೆ ಮೆಚ್ಚುಗೆಯಾಗುವ ಅಪರೂಪದ ಸೆಡಾನ್

ಬಿಎಂಡಬ್ಲ್ಯು 535ಐ ಕಾರನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಬುಖ್‌ಲೋ ಪಟ್ಟಣದ ಆಲ್ಪಿನಾ ಸಂಸ್ಥೆಯು 1989ರಿಂದ 1994ರವರೆಗೆ ತಯಾರಿಸಿದ ಬಿ10 ಬೈ-ಟರ್ಬೊ ಕಾರುಗಳು 507 ಮಾತ್ರ. ಬವೇರಿಯಾದಲ್ಲಿ ನೆಲೆಸಿರುವ ಬಂಧುವೊಬ್ಬರ ಮೂಲಕ ಅವುಗಳಲ್ಲೊಂದನ್ನು ಬೆಟ್ಟದ ರಸ್ತೆಯಲ್ಲಿ ಓಡಿಸುವ ಅವಕಾಶ ನನಗೆ ದೊರೆಯಿತು.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಪದೇ ಪದೇ ಗೇರ್ ಬದಲಿಸಿ ರೂಢಿಯಾದ ನಮಗೆ ಈ ಕಾರಿನ ನಿಜವಾದ ಸೊಗಸು ಬೇಗ ಅರ್ಥವಾಗುತ್ತದೆ. 3.4 ಲೀಟರಿನ, ಆರು ಸಿಲಿಂಡರುಗಳ ಎಂಜಿನ್ನಿಗೆ ಎರಡು ಟರ್ಬೊಗಳನ್ನು (ಎಂಜಿನ್ನಿನೊಳಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನಗಳನ್ನು) ಜೋಡಿಸಿ 360 ಅಶ್ವಶಕ್ತಿಯನ್ನೂ 520 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲವನ್ನೂ) ಪಡೆದಿರುವುದರಿಂದ, ಏರಿನ ನಡುವೆ ವೇಗ ತಗ್ಗಿದರೂ ಮೂರನೆಯ ಗೇರಿನಲ್ಲಿಯೇ ಅದು ಗದ್ದಲವಿಲ್ಲದೆ, ತುಂಬಿದ ಹೊಳೆಯಂತೆ ಮುನ್ನುಗ್ಗುತ್ತದೆ. ಟರ್ಬೊ ಒತ್ತಡವನ್ನು ಚಾಲಕನೇ ಹೆಚ್ಚು ಕಡಿಮೆ ಮಾಡಿಕೊಳ್ಳಲು ಒಂದು ತಿರುಗುಗುಂಡಿಯಿದ್ದು, ಮಳೆ ಬಿದ್ದ ರಸ್ತೆಯಲ್ಲಿ ಇದು ನನಗೆ ಅತ್ಯಂತ ವಿವೇಕದ ಏರ್ಪಾಡಾಗಿ ಕಂಡಿತು. ಟೈರಿಗೆ ಗಾಳಿ ತುಂಬುವ ವಾಲ್ವನ್ನು ಚಕ್ರದ ನಡುವಿನ ಮುಚ್ಚಳದ ಹಿಂದೆ ಅಡಗಿಸಿಟ್ಟಿರುವ ಕುಶಲತೆಯನ್ನು ಎಷ್ಟು ಹೊಗಳಿದರೂ ಸಾಲದು!

ಸ್ಟೀರಿಂಗ್ ಇಂದಿನ ಕಾರುಗಳಷ್ಟು ಚುರುಕಾಗಿಲ್ಲ. ನೆಲಕ್ಕೆ ತೀರ ಹತ್ತಿರವಿರುವ ಈ ಕಾರು ನಮ್ಮ ಕಾಫಿ ತೋಟಗಳ ಮಣ್ಣಿನ ದಾರಿಗೆ ಖಂಡಿತ ಒಗ್ಗುವುದಿಲ್ಲ. ಬಿಡಿಭಾಗಗಳನ್ನು ಹುಡುಕುವುದೂ ಸುಲಭವಲ್ಲ. ಆದರೂ ನಾಲ್ವರು ಆರಾಮವಾಗಿ ಕುಳಿತು ಸಾಗುವ ಸೆಡಾನ್‌ಗಳಲ್ಲಿ ಇಷ್ಟು ಸೌಮ್ಯವಾದ, ಇಷ್ಟು ಬಲಿಷ್ಠವಾದ ಇನ್ನೊಂದನ್ನು ನಾನು ಓಡಿಸಿಲ್ಲ.